0.7 ಮಿ.ಮೀ. ಸೂಕ್ಷ್ಮತೆಯ ಮಿದುಳಿನ ಎಂಆರ್‌ಐ ಸ್ಕ್ಯಾನಿಗೆ ದುಡ್ಡು ಹಾಕುವುದು ಎಲ್ಲಿ: ರ‍್ಯಾಮಿಗೋ, ಗ್ರಾಫಿಕ್ಸ್ ಕಾರ್ಡಿಗೋ?

ನನ್ನ ಓಟು ರ‍್ಯಾಮಿಗೆ. 32 ಜಿಬಿಯನ್ನು 64ಕ್ಕೆ ಏರಿಸಿ, ಕೆಳಗೆ ಹೇಳುವ ಒಂದು ಮಿತಿಯನ್ನೂ ಸರಿಪಡಿಸಿದ ಮೇಲೆ, ಸ್ಕ್ಯಾನಿನಿಂದ ಮಿದುಳಿನ ಭಾಗಗಳನ್ನೂ ಮೇಲ್ಮೈಯನ್ನೂ ಗುರುತಿಸುವ ಫ್ರೀಸರ್ಫರ್ ತಂತ್ರಾಂಶ ನಡುರಾತ್ರಿ ಕೈಕೊಡುವುದು ನಿಂತಿದೆ. ಕಾರ್ಡಿನ ದಾರಿಯನ್ನೂ ನೋಡಿದ್ದಾಯಿತು: 6 ಜಿಬಿ ಕಾರ್ಡು, ಅದೇ ಕೆಲಸವನ್ನು ನ್ಯೂರಲ್ ನೆಟ್‌ವರ್ಕಿನಿಂದ ಮಾಡುವ ಫಾಸ್ಟ್‌ಸರ್ಫರ್. ಎರಡಕ್ಕೂ ಉಣಿಸಿದ್ದು ಹ್ಯೂಮನ್ ಕನೆಕ್ಟೋಮ್ ಪ್ರಾಜೆಕ್ಟ್ ಎಂಬ ಸಂಶೋಧನಾ ಯೋಜನೆಯ ಟಿ1 (ಮಿದುಳಿನ ರಚನೆ ತೋರಿಸುವ ಎಂಆರ್‌ಐ) ಚಿತ್ರಗಳನ್ನೇ.

1 ಮಿ.ಮೀ.ನಿಂದ 0.7ಕ್ಕೆ ಇಳಿದರೆ ಏನು ಮಹಾ ಅನ್ನಿಸುತ್ತದೆ. ಆದರೆ 256ರ ಘನ ಹೋಗಿ 320ರ ಘನ ಬರುತ್ತದೆ, 1.68 ಕೋಟಿ ವಾಕ್ಸೆಲ್ (ಚಿತ್ರದ ಪುಟ್ಟ ಘನ ಕಣ) ಇದ್ದದ್ದು 3.28 ಕೋಟಿ.

ಫಾಸ್ಟ್‌ಸರ್ಫರ್ ಮೂರು ದಿಕ್ಕಿನಿಂದ ಮಿದುಳನ್ನು ನೋಡಿ, ಪ್ರತಿ ವಾಕ್ಸೆಲ್‌ಗೂ 79 ವರ್ಗಗಳ (ಮಿದುಳಿನ ಭಾಗಗಳ) ಅಂಕ ಕೂಡಿಸುತ್ತದೆ. ಒಂದೊಂದು ಅಂಕಕ್ಕೆ 2 ಬೈಟ್ ಹಿಡಿದರೂ ಆ ಕೋಷ್ಟಕವೊಂದೇ 5 ಜಿಬಿ ದಾಟುತ್ತದೆ. ಮಾಡೆಲ್ ಕೂರಲು ಜಾಗವೆಲ್ಲಿ? 'ಕ್ಯೂಡಾ ಔಟ್ ಆಫ್ ಮೆಮರಿ', ಅಂದರೆ ಕಾರ್ಡಿನ ಮೆಮರಿ ಮುಗಿಯಿತು. ಬ್ಯಾಚ್ (ಒಮ್ಮೆಗೆ ಉಣಿಸುವ ಚೂರುಗಳ ಸಂಖ್ಯೆ) ಮೊದಲೇ 1, ಇಳಿಸಲು ಏನೂ ಇಲ್ಲ. ವ್ಯೂ-ಅಗ್ರಿಗೇಶನ್ನನ್ನು (ಮೂರು ದಿಕ್ಕಿನ ಅಂಕ ಕೂಡಿಸುವ ಹಂತ) ಸಿಪಿಯುಗೆ ತಳ್ಳಿದರೆ ಓಡುತ್ತದೆ, ಅಂದರೆ ಆ ಕೋಷ್ಟಕ ಬಂದು ಕೂರುವುದು ರ‍್ಯಾಮಿನಲ್ಲೇ! ಆಮೇಲಿನ ಸರ್ಫೇಸ್ ಹಂತಕ್ಕೆ (ಮಿದುಳಿನ ಮೇಲ್ಮೈ ಕಟ್ಟುವುದು) ಫಾಸ್ಟ್‌ಸರ್ಫರ್ ಕೂಡ ಫ್ರೀಸರ್ಫರ್‌ನ ಪ್ರೋಗ್ರಾಮುಗಳನ್ನೇ ಕರೆಯುತ್ತದೆ. ವೇಗದಲ್ಲಿ ಮಾತ್ರ ಅದನ್ನು ಮೀರಿಸುತ್ತದೆ.

ರ‍್ಯಾಮ್ ಹಾಕಿದರೂ ಒಂದು ತಲೆನೋವು ಉಳಿಯಿತು. ಲಾಗಿನಲ್ಲಿ ಬರೀ 'ಕಿಲ್ಡ್', ಕಾರಣವಿಲ್ಲ. ಡಿಮೆಸೇಜ್ (ಲಿನಕ್ಸಿನ ತಿರುಳಾದ ಕರ್ನಲ್ ಬರೆಯುವ ದಾಖಲೆ) ತೆರೆದರೆ 'ಔಟ್ ಆಫ್ ಮೆಮರಿ' ಎಂದು ಕರ್ನಲ್ಲೇ ಕೊಂದದ್ದು ಕಾಣುತ್ತದೆ. 64 ಜಿಬಿ ಇರುವ ಮಷೀನಿನಲ್ಲಿ ಹೀಗೇಕೆ? ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್2, ಹೇಳದೇ ಇದ್ದರೆ, ಲಿನಕ್ಸಿಗೆ ಅರ್ಧ ರ‍್ಯಾಮ್ ಮಾತ್ರ ಕೊಡುತ್ತದೆ. ಡಬ್ಲ್ಯುಎಸ್‌ಎಲ್‌ಕಾನ್ಫಿಗ್ ಫೈಲಿನಲ್ಲಿ ಮೆಮರಿ ಮಿತಿಯನ್ನು 52 ಜಿಬಿಗೆ ಏರಿಸಿ, ಡಬ್ಲ್ಯುಎಸ್‌ಎಲ್ಲನ್ನು ಪೂರ್ತಿ ಶಟ್‌ಡೌನ್ ಮಾಡಿದ ಮೇಲೇ ಅದು ಜಾರಿಗೆ ಬಂದದ್ದು. ಟರ್ಮಿನಲ್ ಕಿಟಕಿ ಮುಚ್ಚಿ ತೆರೆದರೆ ಸಾಲದು.

ಸ್ವಾಪ್ (ಮೆಮರಿ ಸಾಲದಾಗ ಡಿಸ್ಕನ್ನೇ ಮೆಮರಿಯಾಗಿ ಬಳಸುವುದು): ಸಾಯುವುದಿಲ್ಲ, ಮುಗಿಯುವುದೂ ಇಲ್ಲ.

ಹೈರೆಸ್ ಫ್ಲ್ಯಾಗ್ (ಮೂಲ ಸೂಕ್ಷ್ಮತೆ ಉಳಿಸುವ ಆಯ್ಕೆ) ಹಾಕದಿದ್ದರೆ ಫ್ರೀಸರ್ಫರ್‌ನ ಮುಖ್ಯ ಕಮಾಂಡ್ ರೀಕಾನ್-ಆಲ್ ಎಲ್ಲವನ್ನೂ 1 ಮಿ.ಮೀ.ಗೆ ಇಳಿಸಿಬಿಡುತ್ತದೆ. ಹಾಗಾದರೆ 0.7ರಲ್ಲಿ ತೆಗೆದದ್ದೇಕೆ?

ರಾತ್ರಿ ಎರಡು ಸ್ಕ್ಯಾನ್ ಜೊತೆಗೆ, ಪ್ಯಾರಲಲ್ ಹಾಕಿ ಓಡಿಸಿ ಮಲಗುವ ಅಭ್ಯಾಸ ನನ್ನದು. ಪ್ಯಾರಲಲ್ ಎಂದರೆ ಎಡ-ಬಲ ಅರ್ಧಗೋಳಗಳ ಕೆಲಸ ಒಟ್ಟಿಗೇ, ಮೆಮರಿಯ ಹಸಿವೂ ಒಟ್ಟಿಗೇ. ಒಂದೊಂದಾಗಿ ಓಡಿಸುವವರು ಮೊದಲು ಪ್ಯಾರಲಲ್ ತೆಗೆದು, ಡಬ್ಲ್ಯುಎಸ್‌ಎಲ್‌ನ ಆ ಮೆಮರಿ ಮಿತಿ ಏರಿಸಿ ನೋಡಿ; 32ರಲ್ಲೇ ಸಾಗಬಹುದು. ಸರ್ಫೇಸ್ ಬೇಡ, ಭಾಗಗಳ ಗಾತ್ರವಷ್ಟೇ ಸಾಕು ಅನ್ನುವವರಿಗೆ ಮಾತ್ರ ಕಾರ್ಡು, ಅದೂ 12 ಜಿಬಿಗೆ ಕಮ್ಮಿ ಬೇಡ.