ಕಡವೆ ಕೊಂಬಿನ ವೇಷ ತೊಟ್ಟ ಮೂಳೆ: ಒಂದು ಬೋನ್‌ಸ್ಟ್ಯಾಗ್ ಟ್ರ್ಯಾಪರ್

ಅಮೆರಿಕದ ಕೇಸ್ ಕಂಪನಿಯ 6.5 ಬೋನ್‌ಸ್ಟ್ಯಾಗ್ ಟ್ರ್ಯಾಪರ್ ಎಂಬ ಮಡಚುವ ಚಾಕು ತನ್ನ ಗುಟ್ಟನ್ನು ತನ್ನ ಸಂಖ್ಯೆಯಲ್ಲೇ ಬಿಟ್ಟುಕೊಡುತ್ತದೆ. ಪೆನ್ಸಿಲ್ವೇನಿಯಾದ ಬ್ರಾಡ್‌ಫರ್ಡಿನ ಈ ಹಳೆಯ ಕಂಪನಿ ತನ್ನ ಮಡಚುವ ಚಾಕುಗಳಿಗೆ ಕೊಡುವ ಸಂಖ್ಯೆಯಲ್ಲಿ ಮೊದಲ ಅಂಕಿ ಹಿಡಿಕೆ ಯಾವುದರದ್ದು ಎಂದು ಹೇಳುತ್ತದೆ. 5 ಇದ್ದರೆ ಜಿಂಕೆ ಜಾತಿಯ ನಿಜವಾದ ಕೊಂಬು, ಅಂದರೆ ‘ಸ್ಟ್ಯಾಗ್’; 6 ಇದ್ದರೆ ಮೂಳೆ. ಆಮೇಲಿನದು ಅಲಗುಗಳ ಲೆಕ್ಕ, ಉಳಿದದ್ದು ಮಾದರಿ. 5254 ಎಂದರೆ ಕೊಂಬಿನ ಹಿಡಿಕೆಯ, ಎರಡು ಅಲಗಿನ ಟ್ರ್ಯಾಪರ್. 6254 ಎಂದರೆ ಅದೇ ಚಾಕು, ಮೂಳೆಯ ಹಿಡಿಕೆಯಲ್ಲಿ. ಕೊಂಬಿನಂತೆ ಕಾಣಲೆಂದೇ ಕೆತ್ತಿ ಬಣ್ಣ ಹಾಕಿದ ಮೂಳೆಗೆ, ಅಂದರೆ ಬೋನ್‌ಸ್ಟ್ಯಾಗಿಗೆ, 6.5, ಆರೂವರೆ. ಐದಕ್ಕೂ ಆರಕ್ಕೂ ನಡುವೆ ಇರುವುದು ಐದೂವರೆ ಅಲ್ಲವೇ ಎಂದು ಲೆಕ್ಕದ ಮೇಷ್ಟ್ರು ತಕರಾರು ತೆಗೆಯಬಹುದು. ಆರನ್ನೂ ಐದನ್ನೂ ಅಕ್ಕಪಕ್ಕ ಕೂರಿಸಿ ನಡುವೆ ಚುಕ್ಕಿ ಇಟ್ಟಿದ್ದಾರೆ ಎಂದುಕೊಂಡರೆ ಸಮಾಧಾನವಾಗುತ್ತದೆ.

ಈ ವೇಷ ಏಕೆ ಬೇಕಾಯಿತು ಎಂಬುದಕ್ಕೆ ನಮ್ಮ ಕಾಡಿನ ಕಡವೆಯೇ ಕಾರಣ. ಜಿಂಕೆ ಜಾತಿಯ ಕೊಂಬು ಹಸುವಿನ ಕೊಂಬಿನಂತಲ್ಲ. ಅದು ಅಪ್ಪಟ ಮೂಳೆ, ಉದುರಿ ಮತ್ತೆ ಬೆಳೆಯುವಂಥದ್ದು. ಹೊರಗೆ ಗಟ್ಟಿ ಪದರ, ಒಳಗೆ ರಂಧ್ರ ರಂಧ್ರವಾದ ತಿರುಳು. ಬೇರೆ ಜಿಂಕೆಗಳಿಗಿಂತ ಕಡವೆಯ ಕೊಂಬಿನಲ್ಲಿ ಗಟ್ಟಿ ಪದರ ಹೆಚ್ಚು, ತಿರುಳು ಕಡಿಮೆ. ಹಾಗಾಗಿ ಇಂಗ್ಲೆಂಡಿನ ಶೆಫೀಲ್ಡ್, ಜರ್ಮನಿಯ ಸೋಲಿಂಗೆನ್ ಮತ್ತು ಅಮೆರಿಕದ ಚಾಕು ತಯಾರಕರು ಭಾರತದ ಕೊಂಬಿಗಾಗಿ ಕಾದು ಕೂರುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ತೊಂಬತ್ತರ ದಶಕದ ಕೊನೆಗೆ ತಾನಾಗಿ ಉದುರಿದ ಕೊಂಬಿನ ರಫ್ತೂ ನಿಂತಿತು. ನಿಂತದ್ದು ಒಳ್ಳೆಯದೇ. ಉದುರಿದ್ದು ಯಾವುದು, ಕೊಂದು ಕಿತ್ತದ್ದು ಯಾವುದು ಎಂದು ಚಾಕುವಿನ ಹಿಡಿಕೆಯಾಗಿ ಮಾರ್ಪಟ್ಟ ಮೇಲೆ ಹೇಳುವವರು ಯಾರು?

ಹಾಗೆಂದು ಈ ಅನುಕರಣೆ ರಫ್ತು ನಿಂತ ಮೇಲೆ ಹುಟ್ಟಿದ್ದಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳ ಅಮೆರಿಕನ್ ಕ್ಯಾಟಲಾಗುಗಳು ಕೆತ್ತಿದ ದನದ ಮೂಳೆಯನ್ನೇ ಯಾವ ಸಂಕೋಚವೂ ಇಲ್ಲದೆ ‘ಸ್ಟ್ಯಾಗ್’ ಎಂದು ಕರೆದು ಮಾರುತ್ತಿದ್ದವು. ಮೂಳೆಯನ್ನು ಕೆತ್ತಿ, ಬಣ್ಣ ಹಾಕಿ ಚಾಕು ಕಂಪನಿಗಳಿಗೆ ಒದಗಿಸುವುದನ್ನೇ ಕಸುಬು ಮಾಡಿಕೊಂಡಿದ್ದ ರೋಜರ್ಸ್, ವಿಂಟರ್‌ಬಾಟಮ್‌ನಂಥ ಸಂಸ್ಥೆಗಳಿದ್ದವು. ಉದ್ದುದ್ದ ತುಂಡು ಗೆರೆಗಳ ಒಂದು ಕೆತ್ತನೆಗೆ ಇಂದಿಗೂ ವಿಂಟರ್‌ಬಾಟಮ್ ಎಂದೇ ಹೆಸರು, ಮತ್ತು ಕೊಂಬಿಗೆ ಹತ್ತಿರ ಬರುವ ಹಳೆಯ ಕೆತ್ತನೆಗಳಲ್ಲಿ ನನ್ನ ಮೆಚ್ಚುಗೆ ಅದಕ್ಕೇ. ಇದಕ್ಕಿಂತ ಮೋಜಿನ ಸಂಗತಿ ‘ಸೆಕೆಂಡ್ ಕಟ್ ಸ್ಟ್ಯಾಗ್’. ಕೊಂಬಿನ ಹೊರಗಿನ ತೊಗಟೆಯನ್ನು ದುಬಾರಿ ಚಾಕುಗಳಿಗೆ ಕತ್ತರಿಸಿಕೊಂಡ ಮೇಲೆ ಒಳಗೆ ಉಳಿಯುವ ನುಣ್ಣನೆಯ ಭಾಗವನ್ನು ಎಸೆಯದೆ, ಮೂಳೆಗೆ ಮಾಡುವಂತೆಯೇ ಅದನ್ನೂ ಯಂತ್ರಕ್ಕೆ ಕೊಟ್ಟು ಕೆತ್ತುತ್ತಾರೆ. ಕೊಂಬನ್ನು ನಕಲು ಮಾಡಿದ ಮೂಳೆಯನ್ನು ಅಸಲಿ ಕೊಂಬೇ ನಕಲು ಮಾಡುತ್ತದೆ! ಅಂಥ ಹಿಡಿಕೆಗೆ ಸಂಗ್ರಾಹಕರು ಹೆಚ್ಚು ದುಡ್ಡು ಸುರಿಯುತ್ತಾರೆ ಕೂಡ.

ಇನ್ನು ನನ್ನ ಕೈಯಲ್ಲಿರುವ ಚಾಕು. ಮಡಚಿದಾಗ ಸುಮಾರು ಹತ್ತೂವರೆ ಸೆಂಟಿಮೀಟರ್ ಉದ್ದ. ಎರಡು ಉದ್ದನೆಯ ಅಲಗುಗಳು, ಒಂದು ಚೂಪು ತುದಿಯದ್ದು, ಇನ್ನೊಂದು ಮೊಂಡು ತುದಿಯದ್ದು. ಅಲಗಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ತುಕ್ಕು ಹಿಡಿಯದ ಉಕ್ಕು, ಬೇಗ ಹರಿತವಾಗುತ್ತದೆ, ಮತ್ತೆ ಮತ್ತೆ ಮಸೆಯಬೇಕಾಗುತ್ತದೆ. ನಾನು ಕೊಂಡದ್ದು ಹಿಡಿಕೆಗಾಗಿ.

ಮಾಮೂಲಿ ಮೂಳೆ ಹಿಡಿಕೆಯಲ್ಲಿ ಸಣ್ಣ ಸಣ್ಣ ಗುಳಿಗಳಿರುತ್ತವೆ. ಇದರಲ್ಲಿ ಗುಳಿಗಳಿಲ್ಲ, ಹಿಡಿಕೆಯ ಉದ್ದಕ್ಕೂ ಹರಿಯುವ ಗೀರುಗಳಿವೆ, ಕೆಲವು ನಡುವೆ ಕವಲೊಡೆಯುತ್ತವೆ, ಕೆಲವು ಹಿಡಿಕೆಯ ತುದಿಗಿರುವ ಲೋಹದ ಮೂತಿಯ ಹತ್ತಿರ ತೆಳುವಾಗಿ ಮಾಯವಾಗುತ್ತವೆ. ಗೀರಿನ ತಳದಲ್ಲಿ ಗಾಢ ಕಂದು, ದಿಬ್ಬಗಳ ಮೇಲೆ ಕೆನೆ ಬಣ್ಣ. ನಿಜವಾದ ಕೊಂಬಿನಲ್ಲೂ ಬಣ್ಣ ಮೇಲ್ಪದರದಲ್ಲಷ್ಟೇ ಇರುತ್ತದೆ, ಉಜ್ಜಿದ ಕಡೆ ಬಿಳುಪು ಹೊರಬೀಳುತ್ತದೆ. ಆ ಒಂದು ಗುಣವನ್ನು ಇಲ್ಲಿ ಚೆನ್ನಾಗಿ ಹಿಡಿದಿದ್ದಾರೆ. ತೋಳಳತೆಯ ದೂರದಲ್ಲಿ ಹಿಡಿದರೆ ಯಾರಾದರೂ ಕೊಂಬೆಂದೇ ನಂಬುತ್ತಾರೆ.

ಹತ್ತಿರ ತಂದರೆ ಬಣ್ಣ ಬಯಲಾಗುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಕೆನೆ ಬಣ್ಣದ ದಿಬ್ಬಗಳ ಮೇಲೆ ಕೂದಲಿನಷ್ಟು ಸಣ್ಣ ಕಪ್ಪು ಗೆರೆಗಳು, ಚುಕ್ಕಿಗಳು ಕಾಣುತ್ತವೆ. ಮೂಳೆಯೊಳಗೆ ರಕ್ತನಾಳ ಹಾದುಹೋಗುತ್ತಿದ್ದ ನಾಳಗಳ ಗುರುತು ಅವು. ಬಣ್ಣ ಅಲ್ಲಿಗೆ ಇಳಿದು ಕೂತಿದೆ. ಗೀರುಗಳ ಅಗಲವೂ ಸುಳಿವು ಕೊಡುತ್ತದೆ. ಕೊಂಬಿನ ಗೀರು ಆಳ, ಅಗಲ ಎರಡನ್ನೂ ಮನಸ್ಸಿಗೆ ಬಂದಂತೆ ಬದಲಿಸುತ್ತದೆ. ಯಂತ್ರದ ಗೀರು ಕೂರಿಗೆ ಎಳೆದ ಸಾಲಿನಂತೆ ಒಂದೇ ಅಳತೆಯಲ್ಲಿ ಸಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಉಬ್ಬು. ದನದ ಮೊಣಕಾಲಿನ ಕೆಳಗಿನ ಮೂಳೆಯನ್ನು ಕುದಿಸಿ, ಜಿಡ್ಡು ತೆಗೆದು, ಹಲಗೆಗಳಾಗಿ ಕೊಯ್ಯುತ್ತಾರೆ. ಅದರ ಗೋಡೆಯ ದಪ್ಪವೇ ಅಷ್ಟು, ಹೆಚ್ಚು ಉಬ್ಬು ಬೇಕೆಂದರೂ ಎಲ್ಲಿಂದ ತರುವುದು? ಒಳ್ಳೆಯ ಕೊಂಬಿನ ಹಿಡಿಕೆಯಲ್ಲಿ ಅಂಗೈಗೆ ಸಿಗುವ ಆ ಗಂಟುಗಂಟಾದ ತುಂಬುತನ ಎಷ್ಟು ಜಾಣ ಕೆತ್ತನೆಗೂ ದಕ್ಕುವುದಿಲ್ಲ.

ಆದರೆ ನನ್ನ ಮಟ್ಟಿಗೆ ಈ ಕೊರತೆಯೇ ಚಾಕುವಿನ ಲಾಭ. ಕೊಂಬಿನ ಹಿಡಿಕೆಯ ಚಾಕುವನ್ನು ಜೇಬಿನಲ್ಲಿ ಇಟ್ಟುಕೊಂಡು ಓಡಾಡಿದವರಿಗೆ ಗೊತ್ತು: ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳು, ತೊಗಟೆಯ ಅಂಚು ಜೇಬಿನ ಬಟ್ಟೆಯನ್ನು ತಿನ್ನುತ್ತದೆ. ಉಬ್ಬು ಹೆಚ್ಚಾದ ಕಡೆ ಅಲಗಿನ ಗೀರಿಗೆ ಉಗುರು ಸಿಕ್ಕಿಸುವುದೂ ಕಷ್ಟ. ಈ ಮೂಳೆಯ ಹಿಡಿಕೆ ಎರಡೂ ಬದಿಗೆ ಒಂದೇ ದಪ್ಪ, ಅಂಚುಗಳು ಲೋಹದ ಮಟ್ಟಕ್ಕೆ ಸಮನಾಗಿ ಇಳಿದಿವೆ. ಗೀರುಗಳು ಒದ್ದೆ ಕೈಗೆ ಬೇಕಾದಷ್ಟು ಹಿಡಿತ ಕೊಡುತ್ತವೆ, ಚುಚ್ಚುವುದಿಲ್ಲ. ಕೊಂಬಿನ ಚಾಕು ನನ್ನ ಮೇಜಿನ ಡ್ರಾಯರಿನಲ್ಲಿದೆ, ಇದು ಜೇಬಿನಲ್ಲಿದೆ. ವಿಮರ್ಶೆ ಎಂದರೆ ಅಷ್ಟೇ ಸಾಕಿತ್ತು.

ಪ್ಲಾಸ್ಟಿಕ್ಕಿನ ಕೊಂಬಿನ ಬಗ್ಗೆ ಕೇಳುವವರಿದ್ದಾರೆ. ಶ್ರೇಡ್ ಕಂಪನಿ ‘ಸ್ಟ್ಯಾಗ್ಲಾನ್’ ಎಂಬ ಹೆಸರಿನಲ್ಲಿ ಅಂಥ ಹಿಡಿಕೆಯ ಚಾಕುಗಳನ್ನು ರಾಶಿಗಟ್ಟಲೆ ಮಾರಿತು. ಪ್ಲಾಸ್ಟಿಕ್ ಕುಗ್ಗುವುದಿಲ್ಲ, ನೀರಿಗೆ ಹೆದರುವುದಿಲ್ಲ, ದುಡಿಯುವ ಚಾಕುವಿಗೆ ಅದರಷ್ಟು ನಿಶ್ಚಿಂತೆ ಬೇರೆಯದಿಲ್ಲ. ಆದರೆ ಅಚ್ಚಿನಿಂದ ಬಂದದ್ದು ಅಚ್ಚಿನಂತೆಯೇ ಇರುತ್ತದೆ: ಒಂದು ಚಾಕುವಿನ ಹಿಡಿಕೆಯಲ್ಲಿ ಯಾವ ಗಂಟು ಎಲ್ಲಿದೆಯೋ ಇನ್ನೊಂದರಲ್ಲೂ ಅದು ಅಲ್ಲೇ ಇರುತ್ತದೆ. ಅದಕ್ಕೂ ಹಿಂದಿನ ಪ್ಲಾಸ್ಟಿಕ್ಕಾದ ಸೆಲ್ಯುಲಾಯ್ಡಿನ ಹಿಡಿಕೆಗಳಿಂದ ಮಾತ್ರ ದೂರ ಇರಿ. ಹಳತಾದಂತೆ ಅವು ಕೊಳೆತು ಆಮ್ಲದ ಆವಿ ಬಿಡುತ್ತವೆ, ತಮ್ಮ ಅಲಗನ್ನಷ್ಟೇ ಅಲ್ಲ, ಪಕ್ಕದಲ್ಲಿಟ್ಟ ಚಾಕುವಿಗೂ ತುಕ್ಕು ಹಿಡಿಸುತ್ತವೆ. ಯಾವುದು ಏನೆಂದು ತಿಳಿಯಲು ಕಾದ ಸೂಜಿ ಚುಚ್ಚಿ ನೋಡುವ ಚಾಳಿ ಕೆಲವರಿಗಿದೆ. ದಯವಿಟ್ಟು ಬೇಡ. ಕೆನ್ನೆಗೆ ಒತ್ತಿ ನೋಡಿ, ಮೂಳೆ ತಣ್ಣಗಿರುತ್ತದೆ. ಪ್ಲಾಸ್ಟಿಕ್ ಅಷ್ಟು ತಣ್ಣಗಿರುವುದಿಲ್ಲ.

ಅಗ್ಗದ ಬೋನ್‌ಸ್ಟ್ಯಾಗ್ ಸಿಗುತ್ತದೆ, ಅದರ ಪಾಡನ್ನೂ ನೋಡಿದ್ದೇನೆ. ಬೇರೊಂದು ಕಂಪನಿಯ ಚಾಕುವಿನಲ್ಲಿ ಎಣ್ಣೆ ಒರೆಸಿದ ಬಟ್ಟೆಗೆ ಕಂದು ಬಣ್ಣ ಅಂಟಿಕೊಂಡು ಬಂತು. ಒಣ ಹವೆಯಲ್ಲಿ ಮೂಳೆ ಕುಗ್ಗಿ, ಹಿಡಿಕೆಗೂ ಲೋಹದ ಮೂತಿಗೂ ನಡುವೆ ಉಗುರು ತೂರುವಷ್ಟು ಸಂದಿ ಬಿಟ್ಟಿತು. ಮೊಳೆಯ ಸುತ್ತ ಬಿರುಕು ಕಾಣಿಸಿತು. ಮೂಳೆಯನ್ನು ಸಾಕಷ್ಟು ಒಣಗಿಸದೆ ಅವಸರದಲ್ಲಿ ಕೂರಿಸಿದರೆ ಹೀಗಾಗುತ್ತದೆ. ಕೊಳ್ಳುವಾಗ ಬಣ್ಣಕ್ಕೆ ಮರುಳಾಗುವ ಮೊದಲು ನೋಡಬೇಕಾದದ್ದು ಈ ಎರಡು ಜಾಗ: ಮೂತಿಯ ಕೂಡು ಮತ್ತು ಮೊಳೆಯ ತಲೆ. ಬೆಳಕಿಗೆ ಹಿಡಿದಾಗ ಕೂಡಿನಲ್ಲಿ ಸೀಳು ಕಂಡರೆ ವಾಪಸ್ ಕೊಡಿ. ಚೆನ್ನಾಗಿ ಕೂಡಿದ ಹಿಡಿಕೆಯನ್ನೂ ನೀರಿನಲ್ಲಿ ನೆನೆಸಬಾರದು, ಪಾತ್ರೆ ತೊಳೆಯುವ ಯಂತ್ರಕ್ಕಂತೂ ಹಾಕಲೇಬಾರದು. ಆಗೀಗ ಒಂದು ಹನಿ ಮಿನರಲ್ ಆಯಿಲ್ ಒರೆಸಿದರೆ ಸಾಕು. ಗೀರುಗಳು ಒರಟೆನಿಸಿ ಮನೆಯಲ್ಲೇ ಉಪ್ಪುಕಾಗದ ಹಿಡಿಯುವವರು ಮೂಗಿಗೆ ಮಾಸ್ಕ್ ಹಾಕಿಕೊಳ್ಳಿ, ಮೂಳೆಯ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಕೊಳ್ಳುವುದಾದರೆ ಕ್ಯಾಟಲಾಗಿನ ಚಿತ್ರ ನೋಡಿ ಕೊಳ್ಳಬೇಡಿ. ಒಂದು ತುಂಡಿನಂತೆ ಇನ್ನೊಂದಿಲ್ಲ. ಒಂದರಲ್ಲಿ ಕಂದು ಎದ್ದು ಕಾಣುತ್ತದೆ, ಇನ್ನೊಂದರಲ್ಲಿ ಹೆಚ್ಚು ಉಜ್ಜಿಬಿಟ್ಟು ಬರೀ ಬಿಳುಪು ಉಳಿದಿರುತ್ತದೆ. ನಿಮಗೆ ಬರುವ ಚಾಕುವಿನದೇ ಚಿತ್ರವನ್ನು, ಎರಡೂ ಬದಿಯದ್ದನ್ನು, ಕೇಳಿ ತರಿಸಿಕೊಳ್ಳಿ. ಟ್ರ್ಯಾಪರ್‌ನಂಥ ಉದ್ದನೆಯ ಮಾದರಿಯಲ್ಲಿ ಗೀರುಗಳಿಗೆ ಹರಿಯಲು ಜಾಗವಿದೆ, ವೇಷ ಒಪ್ಪುತ್ತದೆ. ಬೆರಳುದ್ದದ ಪುಟ್ಟ ಚಾಕುಗಳಲ್ಲಿ ಅದೇ ಕೆತ್ತನೆ ಇಕ್ಕಟ್ಟಾಗಿ ಗೀಚಿದಂತೆ ಕಾಣುತ್ತದೆ. ಅಂಥದ್ದು ಬೇಕಿದ್ದರೆ ಮಾಮೂಲಿ ಗುಳಿ ಕೆತ್ತನೆಯ ಮೂಳೆಯನ್ನೇ ಆರಿಸಿಕೊಳ್ಳುವುದು ಮೇಲು.