ರಾಶಿಗೊಂದು ಗಿಡ: 450 ರೂಪಾಯಿಯ ನನ್ನ ಜೇಡ್ ಕತೆ

ಕಾರವಾರದಿಂದ ಅಂಕೋಲಾ ಕಡೆ ಹೋಗುವ ಹೆದ್ದಾರಿ ಬದಿಗೆ ಒಂದು ನರ್ಸರಿ ಇದೆ. ಹೆಸರು ಬರೆಯುವುದಿಲ್ಲ, ಮುಂದೆ ಸ್ವಲ್ಪ ಬೈಯುವುದಿದೆ. ಗೇಟಿನ ಪಕ್ಕದಲ್ಲೇ ದೊಡ್ಡ ಬೋರ್ಡು: ‘ನಿಮ್ಮ ರಾಶಿಗೆ ಒಪ್ಪುವ ಮೊದಲ ಗಿಡ’. ಹನ್ನೆರಡು ರಾಶಿ, ಹನ್ನೆರಡು ಗಿಡ, ಬಿಳಿ ಪಿಂಗಾಣಿ ಕುಂಡ, ಅದರ ಮೇಲೆ ರಾಶಿಯ ಚಿತ್ರ. ಯಾವುದು ತಗೊಂಡರೂ 450 ರೂಪಾಯಿ.

ನಾನು ಕೋಡಿಬಾಗದಲ್ಲಿ ಮೊದಲ ಮಹಡಿಯ ಬಾಡಿಗೆ ಮನೆಯಲ್ಲಿ ಒಬ್ಬಳೇ ಇರುವುದು. ಊರು ಶಿರಸಿ ಹತ್ತಿರದ ಹಳ್ಳಿ. ಅಲ್ಲಿ ಗಿಡ ಅಂದರೆ ಅಂಗಳದ್ದು. ಮಳೆ ಹಿಡಿಯುವ ಹೊತ್ತಿಗೆ ಆಯಿ ಡೇರೆ ಗಡ್ಡೆ ಹೊರಗೆ ತೆಗೆಯುತ್ತಾಳೆ. ಯಾರ ಮನೆಗೆ ಹೋದರೂ ಬರುವಾಗ ಅವಳ ಕೈಯಲ್ಲಿ ಒಂದು ಟೊಂಗೆ ಇರಲೇಬೇಕು. ಕೇಳಿ ತಂದಿದ್ದು ಅರ್ಧ, ಕೇಳದೆ ಚಿವುಟಿದ್ದು ಅರ್ಧ. ಕದ್ದು ತಂದ ಗಿಡವೇ ಚೆನ್ನಾಗಿ ಬರುತ್ತದೆ ಎಂದು ನಂಬಿದ ಮನೆ ನಮ್ಮದು. ಅಲ್ಲಿ ಬೆಳೆದವಳು ನಾನು, 31ನೇ ವಯಸ್ಸಿಗೆ ಮೊದಲ ಸಲ ದುಡ್ಡು ಕೊಟ್ಟು ಗಿಡ ತರಲು ಹೋದೆ.

ಒಂದು ಮಾತು ಒಪ್ಪಬೇಕು, ಆ ಬೋರ್ಡು ಇಲ್ಲದಿದ್ದರೆ ನಾನು ಏನೂ ತರದೆ ವಾಪಸ್ ಬರುತ್ತಿದ್ದೆ. ಒಳಗೆ ಹೋದರೆ ಸಾಲು ಸಾಲು ಹಸಿರು, ತಲೆ ತಿರುಗುತ್ತದೆ. ಹನ್ನೆರಡರಲ್ಲಿ ಒಂದು ಅಂದರೆ ಸುಲಭ. ಬೋರ್ಡಿನ ಲೆಕ್ಕವೂ ಮಜಾ ಇದೆ. ಮೇಷಕ್ಕೆ ಕಳ್ಳಿ, ಮೂಗಿನ ತುದಿಯಲ್ಲೇ ಸಿಟ್ಟು ಅಂತ. ಮಿಥುನಕ್ಕೆ ಸ್ಪೈಡರ್ ಪ್ಲಾಂಟ್, ಮರಿ ಜೋತು ಬಿದ್ದು ಜೋಡಿ ಜೋಡಿ ಕಾಣುತ್ತದೆ ಅಂತ. ಕರ್ಕಕ್ಕೆ ಚಂದ್ರನ ಬಿಳುಪಿನ ಪೀಸ್ ಲಿಲಿ. ಕುಂಭಕ್ಕೆ ನೀರಿನಲ್ಲಿ ನಿಲ್ಲಿಸಿದ ಲಕ್ಕಿ ಬ್ಯಾಂಬೂ. ಕೊಡ ಇದ್ದ ಮೇಲೆ ನೀರು ಬೇಡವಾ! ಅದು ಬಿದಿರೇ ಅಲ್ಲ, ಆಫ್ರಿಕಾ ಕಡೆಯ ಡ್ರಸೀನಾ. ಸಿಂಹಕ್ಕೆ ‘ರಾಜಗಾಂಭೀರ್ಯದ’ ಅರೆಕಾ ಪಾಮ್. ಇದನ್ನು ಆಯಿಗೆ ಫೋನಿನಲ್ಲಿ ಹೇಳಿದಾಗ, “ಅಡಿಕೆ ಸಸಿ ಬೇಕಾದ್ರೆ ಹೇಳಿದ್ರೆ ಆಗಿತ್ತು ಕೂಸೇ, ನಾನೇ ಕಳಸ್ತಿದ್ದೆ” ಅಂದಳು. ಆ ಪಾಮ್ ನಮ್ಮ ಅಡಿಕೆ ಅಲ್ಲ, ಮಡಗಾಸ್ಕರಿನದು ಎಂದು ಬಿಡಿಸಿ ಹೇಳಲು ಐದು ನಿಮಿಷ ಬೇಕಾಯಿತು.

ಸರಿ, ನನ್ನ ಸರದಿ. ಕೌಂಟರಿನ ಹುಡುಗ ಹುಟ್ಟಿದ ತಾರೀಖು ಕೇಳಿದ. ಡಿಸೆಂಬರ್ 2.

“ಧನು, ಅಕ್ಕಾ. ಜೇಡ್ ಗಿಡ.”

“ಅಲ್ಲಪ್ಪಾ, ನನ್ನದು ವೃಷಭ. ರೋಹಿಣಿ ನಕ್ಷತ್ರ.”

“ಬೋರ್ಡಿನಲ್ಲಿ ತಾರೀಖೇ ಇರೋದು ಅಕ್ಕಾ.”

ತಾರೀಖಿನ ಮೇಲೆ ಹೇಳುವುದು ಸೂರ್ಯ ಇದ್ದ ರಾಶಿ, ಅದೂ ಪಶ್ಚಿಮದವರ ಲೆಕ್ಕದಲ್ಲಿ. ನಮ್ಮ ಜಾತಕದ ರಾಶಿ ಚಂದ್ರನದು. 27 ನಕ್ಷತ್ರಗಳನ್ನು ಹನ್ನೆರಡಕ್ಕೆ ಹಂಚಿದರೆ ರಾಶಿಗೆ ಎರಡೂಕಾಲು, ರೋಹಿಣಿ ಇಡೀ ವೃಷಭದ ಒಳಗೆ. ಇನ್ನೊಂದು ತಕರಾರೂ ಇದೆ. ಅವರ ಸೂರ್ಯ ಮಕರಕ್ಕೆ ಹೋಗುವುದು ಡಿಸೆಂಬರ್ 22ರ ಸುಮಾರಿಗೆ. ನಾವು ಎಳ್ಳು ಬೆಲ್ಲ ಹಂಚುವ ಸಂಕ್ರಾಂತಿ ಜನವರಿ 14ಕ್ಕೋ 15ಕ್ಕೋ. ಮೂರು ವಾರಕ್ಕಿಂತ ಜಾಸ್ತಿ ಫರಕು. ಅಂದರೆ ಸೂರ್ಯನನ್ನೇ ಹಿಡಿದರೂ ನಮ್ಮ ಪಂಚಾಂಗದ ಪ್ರಕಾರ ಡಿಸೆಂಬರ್ 2 ವೃಶ್ಚಿಕ. ಒಬ್ಬಳಿಗೆ ಮೂರು ರಾಶಿ! ಬೋರ್ಡಿನ ಪ್ರಕಾರ ಧನುವಿಗೆ ಜೇಡ್, ವೃಶ್ಚಿಕಕ್ಕೆ ಸ್ನೇಕ್ ಪ್ಲಾಂಟ್, ವೃಷಭಕ್ಕೆ ಮನಿ ಪ್ಲಾಂಟ್. ಮೂರನ್ನೂ ತಗೊಂಡರೆ 1350.

ನಕ್ಷತ್ರಕ್ಕೊಂದು ಮರ ಹೇಳುವ ಪದ್ಧತಿ ನಮ್ಮಲ್ಲೇ ಇದೆಯಲ್ವಾ. ಭರಣಿಗೆ ನೆಲ್ಲಿ, ಪುನರ್ವಸುವಿಗೆ ಬಿದಿರು, ಪುಷ್ಯಕ್ಕೆ ಅಶ್ವತ್ಥ, ರೋಹಿಣಿಗೆ ನೇರಳೆ. ಕೋಡಿಬಾಗದ ಮೊದಲ ಮಹಡಿಯಲ್ಲಿ ನೇರಳೆ ಮರ ನೆಟ್ಟರೆ ಮಾಲೀಕರು ಅಡ್ವಾನ್ಸ್ ವಾಪಸ್ ಕೊಡಲಿಕ್ಕಿಲ್ಲ. ಸುಮ್ನೆ ಜೇಡ್ ತಗೊಂಡು ಬಂದೆ.

ಅಂದ ಮಾತ್ರ ಚೆಂದ. ದಪ್ಪ ದಪ್ಪ ಎಲೆ, ಅಂಚಿಗೆ ಸ್ವಲ್ಪ ಕೆಂಪು, ಕುಂಡದ ಮೇಲೆ ಬಿಲ್ಲು. ಜೊತೆಗೊಂದು ಚೀಟಿ: ‘ಸಂಪತ್ತು ತರುತ್ತದೆ, ಗಾಳಿ ಶುದ್ಧ ಮಾಡುತ್ತದೆ, ವಾರಕ್ಕೆ ಎರಡು ಸಲ ನೀರು’. ಗಾಳಿ ಶುದ್ಧದ ಕತೆ ಹುಟ್ಟಿದ್ದು 1989ರ ನಾಸಾ ವರದಿಯಿಂದ. ಅವರು ಗಿಡ ಇಟ್ಟು ನೋಡಿದ್ದು ಗಾಳಿಯಾಡದ ಸಣ್ಣ ಪೆಟ್ಟಿಗೆಯಲ್ಲಿ. ಸಮುದ್ರದ ಗಾಳಿ ಬಾಗಿಲು ಬಡಿಯುವ ಮನೆಯಲ್ಲಿ ಒಂದು ಗಿಡ ಎಷ್ಟು ಗಾಳಿ ತೊಳೆದೀತು? ಅದು ಹೋಗಲಿ. ನನಗೆ ಮುಳುವಾಗಿದ್ದು ನೀರಿನ ಸಾಲು.

ತಂದಿದ್ದು ಜೂನ್ ಮೊದಲ ವಾರ. ಕಾರವಾರದ ಮಳೆಗಾಲ ಗೊತ್ತಿದ್ದವರಿಗೆ ಇನ್ನು ಹೇಳುವುದೇ ಬೇಡ. ಚಪ್ಪಲಿಗೆ ಬೂಸ್ಟು, ಬೀರುವಿನೊಳಗಿನ ಸೀರೆಗೂ ಬೂಸ್ಟು, ಒಗೆದ ಬಟ್ಟೆ ಮೂರು ದಿನಕ್ಕೂ ಆರುವುದಿಲ್ಲ. ನನ್ನ ಕಿಟಕಿ ಉತ್ತರಕ್ಕೆ, ಎದುರಿಗೆ ಪಕ್ಕದ ಮನೆಯ ಗೋಡೆ. ಅಂಥ ಕಿಟಕಿಯಲ್ಲಿ ದಕ್ಷಿಣ ಆಫ್ರಿಕಾದ ಒಣ ಗುಡ್ಡದ ಗಿಡ ಇಟ್ಟು, ಚೀಟಿಯಲ್ಲಿ ಬರೆದಂತೆ ಪ್ರತಿ ಬುಧವಾರ, ಭಾನುವಾರ ಶ್ರದ್ಧೆಯಿಂದ ನೀರು ಹಾಕಿದೆ. ಎಲೆಯಲ್ಲೇ ನೀರು ಕೂಡಿಟ್ಟುಕೊಳ್ಳುವ ಗಿಡ ಅದು. ಅದಕ್ಕೆ ಬೇಕಿದ್ದು ದಿನಕ್ಕೆ ಕೆಲವು ತಾಸು ಬಿಸಿಲು, ನಾನು ಕೊಟ್ಟಿದ್ದು ನೀರು.

ಜುಲೈ ಮಧ್ಯದಲ್ಲಿ ಒಂದು ಬೆಳಿಗ್ಗೆ ಕರ್ಟನ್ ಸರಿಸುವಾಗ ಕೈ ತಾಗಿತು. ಟಪ ಟಪ ಎಂದು ಏಳೆಂಟು ಎಲೆ ಉದುರಿತು. ಬುಡ ಒತ್ತಿ ನೋಡಿದರೆ ಕಳಿತ ಬಾಳೆಹಣ್ಣಿನ ಹಾಗೆ ಮೆತ್ತಗೆ, ಕಪ್ಪಗೆ. ಕುಂಡ ಎತ್ತಿದೆ, ನನ್ನ ಮಿಕ್ಸಿ ಜಾರಿಗಿಂತ ಭಾರ. ಬಗ್ಗಿಸಿದರೆ ಗಟಾರದ ವಾಸನೆಯ ನೀರು ಅರ್ಧ ಲೋಟ ಬಂತು. ಆಗ ಕುಂಡವನ್ನು ತಿರುಗಿಸಿ ನೋಡಿದೆ. ಅಡಿಗೆ ತೂತೇ ಇಲ್ಲ! ಒಳಗೆ ಬರೀ ತೆಂಗಿನ ನಾರಿನ ಪುಡಿ, ಸ್ಪಂಜಿನ ಹಾಗೆ ನೀರು ಹಿಡಿದು ಕೂತಿತ್ತು. ನಮ್ಮ ಮನೆಯಲ್ಲಿ ಒಡೆದ ಬಕೆಟ್ಟಿಗೂ ಮೊಳೆ ಕಾಸಿ ನಾಲ್ಕು ತೂತು ಹೊಡೆದು, ಹೆಂಚಿನ ಚೂರು ಹಾಕಿಯೇ ಗಿಡ ನೆಡುವುದು. ನಾನು ಮಾತ್ರ ರಾಶಿಯ ಚಿತ್ರ ನೋಡಿ ಮರುಳಾಗಿ ಕುಂಡದ ಅಡಿಯನ್ನು ನೋಡಲಿಲ್ಲ.

ಕೊಳೆತ ಗಿಡವನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಹಾಕಿಕೊಂಡು ಶನಿವಾರ ನರ್ಸರಿಗೆ ಹೋದೆ. ಅದೇ ಹುಡುಗ ಬುಡ ಹಿಸುಕಿ ನೋಡಿ, “ಮಳೆಗಾಲದಲ್ಲಿ ಜೇಡ್‌ಗೆ ನೀರೇ ಬೇಡ ಅಕ್ಕಾ, ತಿಂಗಳಿಗೆ ಒಂದು ಸಲ ಸಾಕು. ಕಿಟಕಿ ಎತ್ತ ಕಡೆ?” ಅಂದ.

“ಉತ್ತರ.”

“ಅಯ್ಯೋ, ಹಾಗಾದ್ರೆ ಜೇಡ್ ಬದುಕೋದೇ ಇಲ್ಲ.”

ಮೊದಲೇ ಯಾಕೆ ಹೇಳಲಿಲ್ಲ ಅಂದರೆ, “ಬೋರ್ಡು ಸಾವ್ಕಾರ್ರದು ಅಕ್ಕಾ. ನೀವು ಕೇಳಲೂ ಇಲ್ಲ.”

ಸಿಟ್ಟೂ ಬಂತು, ನಗುವೂ ಬಂತು. ಆ ಹುಡುಗನಿಗೆ ಗಿಡದ ಹುಟ್ಟು ಸಾವು ಎಲ್ಲ ಗೊತ್ತು. ಅವನ ಕೈಯಲ್ಲಿ ತಾರೀಖು ಕೇಳಿಸುತ್ತಾರೆ, ಕಿಟಕಿ ಕೇಳಿಸುವುದಿಲ್ಲ. ಬೋರ್ಡಿನಿಂದ ಈಚೆ ಕರೆದು ಮಾತಾಡಿಸಿದರೆ ಅರ್ಧ ತಾಸು ಪಾಠ ಮಾಡಿದ. ಊರಿಗೆ ಎಷ್ಟು ದಿನಕ್ಕೊಮ್ಮೆ ಹೋಗುತ್ತೀರಿ ಅಂತ ಕೇಳಿದ. ಮನೆಯಲ್ಲಿ ಬೆಕ್ಕು ಇದೆಯಾ ಅಂತಲೂ ಕೇಳಿದ. ಮಾಲೀಕರ ಬೆಕ್ಕು ನನ್ನ ಮೆಟ್ಟಿಲ ಮೇಲೇ ಮಲಗುವುದು. ಪೀಸ್ ಲಿಲಿ, ಮನಿ ಪ್ಲಾಂಟ್ ಎರಡರ ಎಲೆಯಲ್ಲೂ ಸೂಜಿಯಂಥ ಸಣ್ಣ ಹರಳು ಇರುತ್ತದೆ. ಬೆಕ್ಕೋ ಮಗುವೋ ಅಗಿದರೆ ಬಾಯಿ ಉರಿದು ಜೊಲ್ಲು ಸುರಿಯುತ್ತದೆ. ಸ್ಪೈಡರ್ ಪ್ಲಾಂಟಿಗೆ ಆ ಕಾಟ ಇಲ್ಲ. ಚೀಟಿಯಲ್ಲಿ ಬರೆಯಬೇಕಾದ್ದು ಇದನ್ನು, ಸಂಪತ್ತನ್ನಲ್ಲ.

ಕೊನೆಗೆ ಜೆಡ್‌ಜೆಡ್ ಅಂತ ಕರೆಯುವ ಗಿಡ ತೋರಿಸಿದ. ಬೋರ್ಡಿನಲ್ಲಿ ಅದು ಮಕರದ್ದು, ನನ್ನ ಮೂರು ರಾಶಿಯಲ್ಲಿ ಯಾವುದೂ ಅಲ್ಲ. ಕೊಟ್ಟೆಯಿಂದ ಮೆಲ್ಲಗೆ ಜಾರಿಸಿ ಬೇರು ತೋರಿಸಿದ. ಸಣ್ಣ ಆಲೂಗಡ್ಡೆಯಂಥ ಗಡ್ಡೆಗಳು. “ಇದರಲ್ಲಿ ನೀರು ಇದೆ. ನೀವು ಹದಿನೈದು ದಿನ ಊರಲ್ಲಿ ಕೂತರೂ ಏನೂ ಆಗೋದಿಲ್ಲ.” ಇದರ ಎಲೆಯನ್ನೂ ಬೆಕ್ಕು ಅಗಿಯಬಾರದು, ಎತ್ತರದಲ್ಲಿ ಇಡಿ ಅಂದ. ಕಪ್ಪು ಪ್ಲಾಸ್ಟಿಕ್ ಕುಂಡ, ಅಡಿಗೆ ಆರು ತೂತು, ಎಣಿಸಿಯೇ ತಗೊಂಡೆ. 180 ರೂಪಾಯಿ. ಕೊಳೆತ ಗಿಡದ ದುಡ್ಡು ವಾಪಸ್ ಕೇಳಿದೆ, ಇಲ್ಲ ಅಂದರು. ಸಾವ್ಕಾರ್ರು ಒಳಗಿಂದಲೇ 50 ಬಿಡು ಅಂದರು, ಅಷ್ಟೇ.

ಇದು ನಡೆದು ಎರಡು ತಿಂಗಳಾಯಿತು. ಕಪಾಟಿನ ಮೇಲಿರುವ ಜೆಡ್‌ಜೆಡ್ ಹೊಸದೊಂದು ಕಡ್ಡಿ ಬಿಟ್ಟಿದೆ, ಎಲೆಗೆ ಎಣ್ಣೆ ಸವರಿದ ಹಾಗೆ ಹೊಳಪು. ನೀರು ಹಾಕಿದ್ದು ಮೂರೇ ಸಲ, ಅದೂ ಬೆರಳಿನ ಎರಡು ಗೆಣ್ಣು ಮಣ್ಣಿಗೆ ಇಳಿಸಿ ಒಣಗಿದೆ ಅಂತ ಗೊತ್ತಾದ ಮೇಲೆ. ಆಫೀಸಿನ ಗೆಳತಿಯೊಬ್ಬಳು ನನ್ನ ಕತೆ ಕೇಳಿಯೂ ಹೋಗಿ ಕುಂಭದ ಲಕ್ಕಿ ಬ್ಯಾಂಬೂ ತಂದಳು. ನೀರಿನ ಗಿಡವಾದ್ದರಿಂದ ಅದಕ್ಕೆ ತೂತಿಲ್ಲದ ಕುಂಡವೇ ಸರಿ. ಚೆನ್ನಾಗಿದೆ, ನನ್ನೆದುರು ಮೀಸೆ ತಿರುವುತ್ತಾಳೆ. ವಾರಕ್ಕೊಮ್ಮೆ ನೀರು ಬದಲಿಸು, ಇಲ್ಲವಾದರೆ ಸೊಳ್ಳೆ ಮರಿ ಹಾಕುತ್ತದೆ ಅಂತ ಮಾತ್ರ ಹೇಳಿದ್ದೇನೆ.

ನರ್ಸರಿಗೆ ಐದಕ್ಕೆ ಮೂರು ಕೊಡುತ್ತೇನೆ. ಗಿಡಗಳು ಆರೋಗ್ಯವಾಗಿವೆ, ಹಿಟ್ಟು ತಿಗಣೆ ಕಾಣಲಿಲ್ಲ, ಹುಡುಗ ಬಂಗಾರದಂಥವನು. ಕಳೆದ ಎರಡು ಅಂಕ ತೂತಿಲ್ಲದ ಕುಂಡಕ್ಕೆ ಮತ್ತು ಆ ಚೀಟಿಗೆ. ಹೋಗುವುದಾದರೆ ಶನಿವಾರ ಮಧ್ಯಾಹ್ನದ ಮೇಲೆ ಹೋಗಿ, ಗಿರಾಕಿ ಕಡಿಮೆ, ಅವನು ಬಿಡುವಾಗಿ ಸಿಗುತ್ತಾನೆ. ನಿಮ್ಮ ಕಿಟಕಿಯ ಫೋಟೋ ಒಂದು ಮೊಬೈಲಿನಲ್ಲಿ ಇರಲಿ. ರಾಶಿ ಕುಂಡವೇ ಬೇಕು ಅಂತಾದರೆ ಅದನ್ನು ಹೊರಗಿನ ಅಲಂಕಾರಕ್ಕೆ ಇಟ್ಟು, ತೂತಿನ ಕುಂಡವನ್ನು ಅದರೊಳಗೆ ಇಳಿಸಿ. ನನ್ನ ಧನುವಿನ ಕುಂಡದಲ್ಲಿ ಈಗ ಸೌಟು, ಚಮಚ ನಿಂತಿವೆ.

ಉದುರಿದ ಜೇಡ್ ಎಲೆಗಳಲ್ಲಿ ಮೂರು ಗಟ್ಟಿ ಇದ್ದವು. ಒಂದು ಗರಟೆಯ ಕಣ್ಣು ತೂತು ಮಾಡಿ, ಮರಳು ಮಣ್ಣು ತುಂಬಿ, ಮೇಲೆ ಸುಮ್ನೆ ಮಲಗಿಸಿ ಆಫೀಸಿನ ಬಿಸಿಲು ಬೀಳುವ ಕಿಟಕಿಯಲ್ಲಿ ಇಟ್ಟಿದ್ದೆ. ಎರಡಕ್ಕೆ ದಾರದಂಥ ಗುಲಾಬಿ ಬೇರು ಬಂದಿದೆ. ಆಯಿಗೆ ಫೋಟೋ ಕಳಿಸಿದೆ. 450 ರೂಪಾಯಿಯ ವಿಷಯ ಅವಳು ಎತ್ತಲೇ ಇಲ್ಲ. “ಬಪ್ಪಕಾದ್ರೆ ಅದ್ರಲ್ಲಿ ಒಂದು ತಗಂಬಾರೇ” ಅಂದಳು.