ಫಾಲ್ಕನ್ ಮರಿ ಕೊಳ್ಳುವವರೇ, ಬರೀ ಪೇಪರ್ ನೋಡಿ ದುಡ್ಡು ಕೊಡಬೇಡಿ

ಹೇಳಿಕೊಳ್ಳಲು ನಾಚಿಕೆ ಆಗುತ್ತದೆ. ಆದರೂ ಬರೆಯುತ್ತಿದ್ದೇನೆ, ಯಾಕಂದ್ರೆ ಆ ಮನುಷ್ಯ ಇವತ್ತಿಗೂ ಮರಿ ಮಾರುತ್ತಿದ್ದಾನೆ.

ಫಾಲ್ಕನ್, ಅಂದರೆ ಬೇಟೆಯಾಡುವ ಹಕ್ಕಿ, ಸಾಕಲು ನನಗೆ ಲೈಸೆನ್ಸ್ ಇದೆ. ಪೆರೆಗ್ರಿನ್ ಎಂಬ ಜಾತಿಯ ಫಾಲ್ಕನ್ ಮರಿ ಹುಡುಕುತ್ತಿದ್ದಾಗ ಮಾರುವವನೊಬ್ಬ ಸಿಕ್ಕ. "ನಮ್ಮ ಪಂಜರದಲ್ಲೇ ಹುಟ್ಟಿದ್ದು ಸರ್, ಕಾಲಲ್ಲಿ ರಿಂಗ್ ಇದೆ, ಸೈಟಿಸ್ ಪೇಪರೂ ಇದೆ" ಎಂದ. ಸೈಟಿಸ್ ಅಂದರೆ ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ. ಸೀಲು, ಸಹಿ, ರಿಂಗ್ ನಂಬರ್ ಎಲ್ಲಾ ಸರಿಯಾಗಿತ್ತು. ಮುಂಗಡ ಕೊಟ್ಟೆ.

ಮರಿ ನೋಡಲು ಹೋದಾಗ ಕಾಲಿನ ರಿಂಗ್ ತಿರುಗಿಸಿದೆ. ಒಂದು ಕಡೆ ಸಣ್ಣ ಗೆರೆ. ಉಗುರಿಗೆ ತಾಗಿತು. ಕತ್ತರಿಸಿ ಮತ್ತೆ ಅಂಟಿಸಿದ್ದಾರೆ! ಮೈಯೆಲ್ಲಾ ಉರಿದುಹೋಯಿತು. ಸಾಕುವವರಿಗೆ ಗೊತ್ತೇ ಇದೆ ಅಲ್ವಾ, ಪಂಜರದ ಮರಿಗೆ ಹಾಕುವುದು ಜೋಡಣೆಯೇ ಇಲ್ಲದ ರಿಂಗ್. ಹುಟ್ಟಿದ ಕೆಲವೇ ದಿನಗಳಲ್ಲಿ, ಪಾದ ಪುಟ್ಟದಿರುವಾಗಲೇ ತೂರಿಸಬೇಕು. ಬೆಳೆದ ಮೇಲೆ ಆಗುವುದೇ ಇಲ್ಲ. ಗೂಡಿನಿಂದ ಕದ್ದ ಮರಿಗೆ ಬೇರೆ ಹಕ್ಕಿಯ ರಿಂಗ್, ಬೇರೆ ಹಕ್ಕಿಯ ಪೇಪರ್. ಇನ್ನೇನು ಅರ್ಥ?

ಕೇಳಿದೆ. "ಬಿಗಿ ಆಗಿತ್ತು, ಬದಲಾಯಿಸಿದ್ವಿ." ಇದರ ಅಪ್ಪ ಅಮ್ಮನನ್ನು ತೋರಿಸಿ ಎಂದೆ. "ಅವು ಬೇರೆ ಕಡೆ ಇವೆ." ಡಿಎನ್‌ಎ ಪರೀಕ್ಷೆ ಮಾಡಿಸೋಣ, ಖರ್ಚು ನಂದೇ ಎಂದೆ. ಅಲ್ಲಿಗೆ "ಸರ್" ಹೋಯಿತು. "ಪೇಪರ್ ಇದೆಯಲ್ರೀ, ಯಾರು ಕೇಳ್ತಾರೆ ನಿಮ್ಮನ್ನ?" ಮುಂಗಡ ವಾಪಸ್ ಕೊಡಿ ಎಂದಿದ್ದಕ್ಕೆ, "ಪೊಲೀಸರ ಹತ್ತಿರ ಹೋಗಿ, ದುಡ್ಡು ಕೊಟ್ಟವರು ನೀವೇ. ನಿಮ್ಮ ಹೆಸರೂ ಬರುತ್ತೆ." ಎಷ್ಟು ಧೈರ್ಯ ನೋಡಿ! ಯಾರು ಕೇಳ್ತಾರಂತೆ!

ಕೇಳುವವರು ಇದ್ದಾರೆ. ಸ್ಕಾಟ್ಲೆಂಡ್‌ನಲ್ಲಿ 2021ರಲ್ಲಿ ಪೊಲೀಸರು ಒಂದು ಮನೆಯಲ್ಲಿ ಪೆರೆಗ್ರಿನ್ ಮರಿಗಳನ್ನು ಹಿಡಿದರು. ಅವು ಕಾಡಿನ ಗೂಡುಗಳಿಂದ ಕದ್ದವು ಎಂದು ಹೇಳಿದ್ದು ಡಿಎನ್‌ಎ. 2010ರಲ್ಲಿ ಬರ್ಮಿಂಗ್‌ಹ್ಯಾಮ್ ವಿಮಾನ ನಿಲ್ದಾಣದಲ್ಲಿ ಒಬ್ಬ 14 ಪೆರೆಗ್ರಿನ್ ಮೊಟ್ಟೆಗಳನ್ನು ಮೈಗೆ ಕಟ್ಟಿಕೊಂಡು ಹೊರಟಿದ್ದ. ಅಲ್ಲಿ ಕ್ಲೀನಿಂಗ್ ಮಾಡುವವರಿಗೆ ಅನುಮಾನ ಬಂದು ಸಿಕ್ಕಿಬಿದ್ದ.

ನಾನು ದೂರು ಕೊಟ್ಟಿದ್ದೇನೆ. ಹೆಸರು ಬಂದರೆ ಬರಲಿ. ದುಡ್ಡು ವಾಪಸ್ ಬಂದಿಲ್ಲ.

ರಿಂಗ್ ಅನ್ನು ಕೈಯಲ್ಲಿ ತಿರುಗಿಸಿ ನೋಡದೆ ಒಂದು ಪೈಸೆಯೂ ಕೊಡಬೇಡಿ. ಡಿಎನ್‌ಎ ಎಂದ ಕೂಡಲೇ ಸಿಟ್ಟಾಗುವವನಿಂದ ಎದ್ದು ಬನ್ನಿ. ಅವನ ಮೆಸೇಜ್ ಅಳಿಸಬೇಡಿ, ರಿಂಗ್ ನಂಬರ್ ಸಮೇತ ವನ್ಯಜೀವಿ ಅಧಿಕಾರಿಗಳಿಗೆ ಕೊಡಿ. "ಪಾಪದ ಮರಿ, ಕಾಪಾಡೋಣ" ಅಂತ ಮಾತ್ರ ಕೊಳ್ಳಲೇಬೇಡಿ. ಅವನಿಗೆ ಬೇಕಿರುವುದೂ ಅದೇ. ಆ ದುಡ್ಡಲ್ಲೇ ಇನ್ನೊಂದು ಗೂಡಿಗೆ ಕೈ ಹಾಕುತ್ತಾನೆ.